ಗೆದ್ದ ಕುದುರೆಯ ಮೂತ್ರ ಏನು ಹೇಳುತ್ತದೆ?

ರೇಸ್ ಇರುವ ದಿನ ಬೆಳಿಗ್ಗೆ ರಾಜಾಜಿನಗರದ ಭಾಷ್ಯಂ ಸರ್ಕಲ್ ಸುತ್ತಮುತ್ತ, ನವರಂಗ್ ಕಡೆಯ ದರ್ಶಿನಿಗಳ ಮುಂದೆ ಒಂದು ಗುಂಪು ನಿಂತಿರುತ್ತದೆ. ಮೇಜಿನ ಮೇಲೆ ಬೈ-ಟು ಕಾಫಿಯ ಲೋಟ, ಪಕ್ಕದಲ್ಲಿ ಮಡಚಿಟ್ಟ ರೇಸ್ ಪುಸ್ತಕ, ಅದರ ಅಂಚಿನ ತುಂಬ ಪೆನ್ನಿನ ಗುರುತು. ಹೆಚ್ಚಿನವರು ಕಾರ್ಖಾನೆ, ಗಿರಣಿಗಳಲ್ಲಿ ದುಡಿದು ನಿವೃತ್ತರಾದವರು. ಮಾತು ಇವತ್ತಿನ ಓಟಕ್ಕಿಂತ ಹೋದ ವಾರದ ಓಟದ್ದೇ ಜಾಸ್ತಿ.

"ಎಳೆದುಬಿಟ್ಟ ಸಾರ್ ಜಾಕಿ. ಕೊನೇ ಇನ್ನೂರು ಮೀಟರ್ ಲಗಾಮು ಬಿಗಿ ಹಿಡ್ಕೊಂಡೇ ಬಂದ."

"ಅದಲ್ಲ ಸ್ವಾಮಿ, ಗೆದ್ದ ಕುದುರೆಗೆ ಇಂಜೆಕ್ಷನ್ ಬಿದ್ದಿದೆ. ಹೋದ ತಿಂಗಳು ಕುಂಟ್ತಾ ಇದ್ದದ್ದು ಮೊನ್ನೆ ಹೆಂಗೆ ಹಾರ್ತು?"

ಇಷ್ಟು ಹೇಳಿ ಲೋಟ ಇಟ್ಟು ಕುವೆಂಪು ರಸ್ತೆ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್. ಅಲ್ಲಿಂದ ಆನಂದರಾವ್ ಸರ್ಕಲ್ ದಾಟಿದರೆ ರೇಸ್ ಕೋರ್ಸ್. ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರು ಹೇಳುವ ಈ ಎರಡು ದೂರುಗಳು, ಎಳೆದ ಎಂಬುದು ಮತ್ತು ಚುಚ್ಚಿದರು ಎಂಬುದು, ರೇಸಿನಷ್ಟೇ ಹಳೆಯವು. ಸೋತವನ ಹೊಟ್ಟೆಯುರಿ ಎಂದು ಅವನ್ನು ತಳ್ಳಿಹಾಕುವುದು ಸುಲಭ. ಆದರೆ ಅವುಗಳಲ್ಲಿ ಒಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಸಾಧ್ಯವಿದೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದು ರೇಸಿಗೆ ಹೋಗದವರೂ ತಿಳಿದಿರಬೇಕಾದ ಸಂಗತಿ.

ಕೌಶಲದ ಆಟ ಎಂದಾಗ

ಬೆಂಗಳೂರಿನಲ್ಲಿ ಇಸ್ಪೀಟು ಆಡಿ ಸಿಕ್ಕಿಬಿದ್ದವನನ್ನು ಪೊಲೀಸರು ಕರೆದೊಯ್ಯುತ್ತಾರೆ. ರೇಸ್ ಕೋರ್ಸಿನಲ್ಲಿ ಟಿಕೆಟ್ ಕೊಂಡವನನ್ನು ಯಾರೂ ಮುಟ್ಟುವುದಿಲ್ಲ. ಈ ವ್ಯತ್ಯಾಸದ ಹಿಂದೆ ಸುಪ್ರೀಂ ಕೋರ್ಟಿನ 1996ರ ತೀರ್ಪೊಂದಿದೆ. ಮದರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ನ್ಯಾಯಾಲಯ, ಕುದುರೆ ರೇಸು ಬರೀ ಅದೃಷ್ಟದ ಜೂಜಲ್ಲ, ಕೌಶಲದ ಆಟ ಎಂದಿತು. ಕುದುರೆಯ ವಂಶ, ತರಬೇತಿ, ಹಿಂದಿನ ಓಟಗಳು, ಹೊರುವ ತೂಕ, ಜಾಕಿಯ ಸಾಮರ್ಥ್ಯ ಇವನ್ನೆಲ್ಲ ಅಳೆದು ತೂಗಿ ಪಂಟರ್ ದುಡ್ಡು ಕಟ್ಟುತ್ತಾನೆ ಎಂಬುದು ಆ ವಾದದ ತಿರುಳು.

ದರ್ಶಿನಿಯ ಮುಂದೆ ಪೆನ್ನು ಹಿಡಿದು ನಿಂತ ಹಿರಿಯರು ಮಾಡುತ್ತಿರುವುದೂ ಅದನ್ನೇ. ಈಗ ಒಂದು ಕುದುರೆಯ ಮೈಯೊಳಗೆ ಪುಸ್ತಕದಲ್ಲಿ ಇಲ್ಲದ ವಸ್ತುವೊಂದು ಸೇರಿಕೊಂಡಿದೆ ಎಂದಿಟ್ಟುಕೊಳ್ಳಿ. ಅವರ ಲೆಕ್ಕ, ಅನುಭವ ಎಲ್ಲವೂ ನೀರಿನಲ್ಲಿ ಹೋಮ. ಹಾಗಾಗಿ ಮದ್ದಿನ ಪರೀಕ್ಷೆ ಕ್ಲಬ್ಬಿನ ಒಳಮನೆಯ ವ್ಯವಹಾರವಲ್ಲ ಎಂದು ನಾನು ನಂಬಿದ್ದೇನೆ. ರೇಸು ಕಾನೂನಿನ ಕಣ್ಣಿಗೆ ಜೂಜಾಗದೆ ಉಳಿದಿರುವುದೇ ಪಂಟರ್ ನೋಡುವ ಮಾಹಿತಿ ಪ್ರಾಮಾಣಿಕವಾಗಿದೆ ಎಂಬ ನಂಬಿಕೆಯ ಮೇಲೆ.

ಓಡಿಸುವ ಮದ್ದು, ನಿಲ್ಲಿಸುವ ಮದ್ದು

ಕುದುರೆಗೆ ಮದ್ದು ಹಾಕುವುದೆಂದರೆ ಚುರುಕು ಮಾಡುವುದು ಎಂದು ಸಾಮಾನ್ಯ ತಿಳಿವಳಿಕೆ. ಕೆಫೀನಿನಂಥ ಉತ್ತೇಜಕಗಳು ಹಾಗೆ ಮಾಡುತ್ತವೆ ನಿಜ. ಮಾಂಸಖಂಡ ಬೆಳೆಸುವ ಸ್ಟೆರಾಯ್ಡ್‌ಗಳಿವೆ, ರಕ್ತದಲ್ಲಿ ಕೆಂಪು ಕಣ ಹೆಚ್ಚಿಸುವ ಇಪಿಒ ಇದೆ. ಇನ್ನೊಂದು ತುದಿಯಲ್ಲಿ, ಎಲ್ಲರೂ ದುಡ್ಡು ಕಟ್ಟಿರುವ ಫೇವರಿಟ್ ಕುದುರೆಯನ್ನು ಮಂಕು ಮಾಡುವ ಶಾಮಕಗಳಿವೆ. ಗೆಲ್ಲಿಸುವುದಕ್ಕಿಂತ ಸೋಲಿಸುವುದು ಸುಲಭ, ಲಾಭವೂ ಕಡಿಮೆಯೇನಲ್ಲ.

ಇವೆಲ್ಲಕ್ಕಿಂತ ಕ್ರೂರವಾದದ್ದು ನೋವು ಮುಚ್ಚುವ ಮದ್ದು. ಕಾಲಿನ ಕೀಲು ಊದಿಕೊಂಡ ಕುದುರೆ ತಾನಾಗಿ ಹೆಜ್ಜೆ ಹಗುರ ಮಾಡುತ್ತದೆ. ನೋವು ಅದಕ್ಕೆ ಹಾಗೆ ಹೇಳಿಕೊಡುತ್ತದೆ. ನೋವೇ ತಿಳಿಯದಂತೆ ಮಾಡಿ ಓಡಿಸಿದರೆ ಸುಮಾರು 500 ಕಿಲೋ ತೂಕದ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಿರುಕುಬಿಟ್ಟ ಮೂಳೆಯ ಮೇಲೆ ಭಾರ ಹಾಕುತ್ತಾ ಹೋಗುತ್ತದೆ. ಕಾಲು ಮುರಿದರೆ ಕುದುರೆಯನ್ನು ಉಳಿಸಿಕೊಳ್ಳುವುದು ಬಹುತೇಕ ಆಗದ ಮಾತು. ಮೇಲೆ ಕೂತ ಜಾಕಿ ಹಿಂದೆ ಬರುವ ಕುದುರೆಗಳ ಗೊರಸಿನಡಿ ಬೀಳುತ್ತಾನೆ. ಮದ್ದಿನ ಮಾತು ಬಂದಾಗ ನಾವು ದುಡ್ಡಿನ ಮೋಸವನ್ನಷ್ಟೇ ಯೋಚಿಸುತ್ತೇವೆ. ಕುದುರೆಯ ಜೀವ, ಜಾಕಿಯ ಜೀವ ಆಮೇಲೆ ನೆನಪಾಗುತ್ತವೆ.

ಈ ವಿದ್ಯೆ ಹೊಸದಲ್ಲ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿಗೆ ಬಂದ ಕೆಲವು ಅಮೆರಿಕನ್ ತರಬೇತುದಾರರು ಕುದುರೆಗಳಿಗೆ ಮದ್ದು ಹಾಕಿ ಗೆಲ್ಲುತ್ತಿದ್ದರು. ಅದಕ್ಕೆ ಆಗ ನಿಷೇಧವೇ ಇರಲಿಲ್ಲ. ಜಾರ್ಜ್ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ತರಬೇತುದಾರ ತನ್ನ ಲಾಯದ ಕೈಲಾಗದ ಕುದುರೆಗಳಿಗೆ, ರೇಸಿನ ಅಧಿಕಾರಸ್ಥರಲ್ಲಿ ಒಬ್ಬನಾಗಿದ್ದ ಅಣ್ಣನಿಗೆ ಮೊದಲೇ ತಿಳಿಸಿ, ಅದೇ ಮದ್ದು ಹಾಕಿ ಗೆಲ್ಲಿಸಿ ತೋರಿಸಿದ. ಜಾಕಿ ಕ್ಲಬ್ 1903ರಲ್ಲಿ ಮದ್ದನ್ನು ನಿಷೇಧಿಸಿತು. ಕಂಡುಹಿಡಿಯುವ ದಾರಿ ಸಿಕ್ಕಿದ್ದು ವಿಯೆನ್ನಾದಲ್ಲಿ. 1910ರ ಹೊತ್ತಿಗೆ ಅಲ್ಲಿನ ರಸಾಯನಶಾಸ್ತ್ರಜ್ಞರು ಕುದುರೆಯ ಜೊಲ್ಲಿನಲ್ಲಿ ಉತ್ತೇಜಕಗಳ ಕುರುಹು ಹುಡುಕತೊಡಗಿದರು. ಇಂದಿನ ಕ್ರೀಡಾ ಜಗತ್ತಿನ ಎಲ್ಲ ಡೋಪ್ ಟೆಸ್ಟ್‌ಗಳಿಗೂ ಮೊದಲು ಬಂದದ್ದು ಕುದುರೆಯ ಜೊಲ್ಲಿನ ಪರೀಕ್ಷೆ.

ಗಾಡಿ ಓಟದ ಅಡುಗೆ ಸೋಡಾ

ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫ್ರಾನ್ಸ್ ಮುಂತಾದ ಕಡೆ ನಡೆಯುವ ಹಾರ್ನೆಸ್ ರೇಸು ನಮ್ಮಲ್ಲಿ ಕಾಣಸಿಗದು. ಅಲ್ಲಿ ಜಾಕಿ ಬೆನ್ನ ಮೇಲೆ ಕೂರುವುದಿಲ್ಲ. ಕುದುರೆಗೆ ಕಟ್ಟಿದ ಎರಡು ಚಕ್ರದ ಹಗುರ ಗಾಡಿಯಲ್ಲಿ ಕೂತು ಓಡಿಸುತ್ತಾನೆ. ಕುದುರೆ ನಾಗಾಲೋಟಕ್ಕೆ ಇಳಿಯಬಾರದು, ಗೊತ್ತುಮಾಡಿದ ನಡಿಗೆಯಲ್ಲೇ ವೇಗ ಕಾಯ್ದುಕೊಳ್ಳಬೇಕು. ಹಾಗೆ ಒಂದೇ ಹದದಲ್ಲಿ ಉದ್ದಕ್ಕೂ ಓಡುವಾಗ ಮಾಂಸಖಂಡಗಳಲ್ಲಿ ಆಮ್ಲ ಕಟ್ಟಿಕೊಂಡು ದಣಿವಾಗುತ್ತದೆ.

ಇದಕ್ಕೆ ಮೋಸಗಾರರು ಹುಡುಕಿದ ಉಪಾಯ ಅಡುಗೆ ಸೋಡಾ. ಓಟಕ್ಕೆ ಕೆಲವು ಗಂಟೆ ಮೊದಲು ಕುದುರೆಯ ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ ಇಳಿಸಿ, ಸೋಡಾ ಮತ್ತು ಸಕ್ಕರೆ ಕಲಸಿದ ನೀರನ್ನು ಸುರಿಯುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಮಿಲ್ಕ್‌ಶೇಕ್. ನಳಿಕೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಕುದುರೆ ಸಾಯುತ್ತದೆ. ಸೋಡಾ ಮೈಯಲ್ಲಿ ಸಹಜವಾಗಿಯೇ ಇರುವ ವಸ್ತುವಾದ್ದರಿಂದ ಅದು ಇದೆಯೇ ಎಂದು ಹುಡುಕಿ ಪ್ರಯೋಜನವಿಲ್ಲ, ಎಷ್ಟಿದೆ ಎಂದು ಅಳೆಯಬೇಕು. ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಲೀಟರಿಗೆ 36 ಮಿಲಿಮೋಲ್ ದಾಟಬಾರದು ಎಂಬ ಗೆರೆ ಹುಟ್ಟಿದ್ದು ಹೀಗೆ.

2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್‌ಗಳು ತರಬೇತುದಾರರು, ಪಶುವೈದ್ಯರು, ಮದ್ದು ಮಾರುವವರು ಸೇರಿ 27 ಮಂದಿಯ ಮೇಲೆ ಮೊಕದ್ದಮೆ ಹೂಡಿದಾಗ ಅದರಲ್ಲಿ ಸವಾರಿ ರೇಸಿನವರೂ ಇದ್ದರು, ಗಾಡಿ ರೇಸಿನವರೂ ಇದ್ದರು. ಹೆಸರಾಂತ ತರಬೇತುದಾರ ಹೋರ್ಹೆ ನವಾರೊಗೆ ಐದು ವರ್ಷ, ಜೇಸನ್ ಸರ್ವಿಸ್‌ಗೆ ನಾಲ್ಕು ವರ್ಷ ಜೈಲಾಯಿತು. ಈ ಜಾಲ ಬಯಲಿಗೆ ಬಂದದ್ದು ಮೂತ್ರದ ಬಾಟಲಿಯಿಂದಲ್ಲ. ಪೊಲೀಸರು ಕದ್ದು ಕೇಳಿದ ಫೋನ್ ಮಾತುಗಳಿಂದ. ಪರೀಕ್ಷೆಗೆ ಸಿಗದ ಹಾಗೆ ತಯಾರಿಸಿದ ಮದ್ದುಗಳ ಮಾತು ಅವು.

ಶಿಳ್ಳೆ, ಬಾಟಲಿ, ಅರಗು

ಮೈದಾನದಲ್ಲಿ ಮಾದರಿ ತೆಗೆಯುವ ಕೆಲಸ ನೋಡಲು ತೀರಾ ಸರಳ. ಓಟ ಮುಗಿದ ಕೂಡಲೇ ಗೆದ್ದ ಕುದುರೆಯನ್ನು, ಜತೆಗೆ ಓಟದ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ಬೊಟ್ಟುಮಾಡಿದ ಇತರ ಕುದುರೆಗಳನ್ನು ಪಕ್ಕಕ್ಕೆ ಕರೆದೊಯ್ಯುತ್ತಾರೆ. ಫೇವರಿಟ್ ಆಗಿದ್ದೂ ಕೊನೆಗೆ ಬಂದ ಕುದುರೆಯೂ ಅದರಲ್ಲಿರಬಹುದು. ಕುದುರೆ ನೋಡಿಕೊಳ್ಳುವ ಸೈಸ್ ಅದನ್ನು ನಡೆಸಿ, ನೀರು ಹುಯ್ದು, ಏದುಸಿರು ಇಳಿಸುತ್ತಾನೆ. ಆಮೇಲೆ ಒಣಹುಲ್ಲು ಹಾಸಿದ ಕೊಟ್ಟಿಗೆಗೆ ಬಿಡುತ್ತಾರೆ. ಹುಲ್ಲಿನ ಮೇಲೆ ನಿಂತರೆ ಕುದುರೆಗೆ ಉಚ್ಚೆ ಹುಯ್ಯುವ ಮನಸ್ಸಾಗುತ್ತದೆ. ಉದ್ದ ಕೋಲಿನ ತುದಿಗೆ ಸಿಕ್ಕಿಸಿದ ಪಾತ್ರೆ ಹಿಡಿದು ಒಬ್ಬ ಕಾಯುತ್ತಾನೆ. ಸೈಸ್ ಮೆಲ್ಲಗೆ ಶಿಳ್ಳೆ ಹಾಕುತ್ತಾನೆ. ಲಾಯದಲ್ಲಿ ದಿನವೂ ಕೇಳಿ ರೂಢಿಯಾದ ಆ ಶಿಳ್ಳೆಗೆ ಹೆಚ್ಚಿನ ಕುದುರೆಗಳು ಸ್ಪಂದಿಸುತ್ತವೆ. ಎಷ್ಟು ಹೊತ್ತಾದರೂ ಹುಯ್ಯದಿದ್ದರೆ ರಕ್ತ ತೆಗೆಯುತ್ತಾರೆ.

ಹಿಡಿದದ್ದನ್ನು ಎರಡು ಬಾಟಲಿಗೆ ಹಂಚುತ್ತಾರೆ. ಕುದುರೆಯ ಕಡೆಯವರ ಎದುರಿಗೇ ಮುಚ್ಚಿ, ಮುದ್ರೆಯೊತ್ತಿ, ಸಹಿ ಹಾಕಿಸಿಕೊಳ್ಳುತ್ತಾರೆ. ಬಾಟಲಿಯ ಮೇಲೆ ಕುದುರೆಯ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ಪರೀಕ್ಷೆ ಮಾಡುವವರಿಗೆ ಅದು ಯಾರ ಕುದುರೆ ಎಂದು ತಿಳಿಯಬಾರದು. ಮೊದಲ ಬಾಟಲಿಯಲ್ಲಿ ನಿಷಿದ್ಧ ವಸ್ತು ಕಂಡರೆ, ಅದನ್ನು ಒಪ್ಪದ ಮಾಲೀಕ ಅಥವಾ ತರಬೇತುದಾರ ಎರಡನೆಯದನ್ನು ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಎಂದು ಕೇಳಬಹುದು.

ಯಂತ್ರಗಳು ಈಗ ಒಂದು ಮಿಲಿಲೀಟರ್ ಮೂತ್ರದಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ವಸ್ತುವನ್ನೂ ಗುರುತಿಸುತ್ತವೆ. ಕೇಸರದ, ಬಾಲದ ಕೂದಲನ್ನು ಪರೀಕ್ಷಿಸಿದರೆ ತಿಂಗಳುಗಳ ಹಿಂದೆ ಕೊಟ್ಟ ಸ್ಟೆರಾಯ್ಡ್ ಕೂಡ ಸಿಕ್ಕಿಬೀಳುತ್ತದೆ. ಕುದುರೆ ಬಾಯಿ ಬಿಡದಿದ್ದರೂ ಅದರ ಮೈ ಸಾಕ್ಷಿ ನುಡಿಯುತ್ತದೆ. ಒಳಗೆ ಏನಿತ್ತು ಎಂಬುದಕ್ಕೆ ಮಾತ್ರ. ಯಾರು ಹಾಕಿದರು, ಯಾಕೆ ಹಾಕಿದರು ಎಂಬುದಕ್ಕೆ ಯಂತ್ರದಲ್ಲಿ ಉತ್ತರವಿಲ್ಲ.

ಕ್ವೀನ್ ಲತೀಫಾ ಪ್ರಕರಣ

ಬೆಂಗಳೂರಿಗೆ ಈ ಪ್ರಶ್ನೆ ಎದುರಾದದ್ದು 2017ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಮೈದಾನದಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮಾದರಿ ದೆಹಲಿಯ ರಾಷ್ಟ್ರೀಯ ಡೋಪ್ ಪರೀಕ್ಷಾ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಪ್ರೊಕೇನ್ ಪತ್ತೆಯಾಯಿತು.

ಪ್ರೊಕೇನ್ ಎಂದರೆ ಹಲ್ಲಿನ ಡಾಕ್ಟರು ಒಸಡು ಮರಗಟ್ಟಿಸಲು ಚುಚ್ಚುವ ಮದ್ದಿನ ಜಾತಿಗೆ ಸೇರಿದ್ದು. ಕುದುರೆಯ ಕಾಲಿನ ನರದ ಬಳಿ ಚುಚ್ಚಿದರೆ ಆ ಜಾಗದ ನೋವು ತಿಳಿಯುವುದಿಲ್ಲ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಪಶುವೈದ್ಯರು ಸೋಂಕಿಗೆ ಕೊಡುವ ಪೆನಿಸಿಲಿನ್‌ನ ಒಂದು ಬಗೆಯಲ್ಲಿ ಪ್ರೊಕೇನ್ ಸೇರಿಯೇ ಇರುತ್ತದೆ. ಪೆನಿಸಿಲಿನ್ ತನ್ನ ಕೆಲಸ ಮುಗಿಸಿದ ಮೇಲೂ ಪ್ರೊಕೇನ್‌ನ ಕುರುಹು ಮೂತ್ರದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಪ್ರಾಮಾಣಿಕ ಚಿಕಿತ್ಸೆಯೂ ಕುಟಿಲ ಮೋಸವೂ ಬಾಟಲಿಯಲ್ಲಿ ಒಂದೇ ಹೆಸರಿನಿಂದ ಕಾಣಿಸಿಕೊಳ್ಳುತ್ತವೆ. ಇವೆರಡನ್ನು ಬೇರೆ ಮಾಡುವುದು ಲಾಯದ ದಾಖಲೆ ಪುಸ್ತಕ, ಯಾವ ದಿನ ಯಾವ ಮದ್ದು ಎಂದು ವೈದ್ಯರು ಬರೆದಿಟ್ಟ ಚೀಟಿ, ಮತ್ತು ವರದಿ ಬಂದ ಕೂಡಲೇ ನಡೆಯುವ ತನಿಖೆ.

ಜನ ಸಿಟ್ಟಿಗೆದ್ದದ್ದು ಪ್ರೊಕೇನ್‌ಗಿಂತ ಹೆಚ್ಚಾಗಿ ವರದಿ ಬಂದ ಮೇಲೆ ಆದದ್ದರ ಬಗ್ಗೆ. ವರದಿಯನ್ನು ಸರಿಯಾಗಿ ನಿಭಾಯಿಸಲಿಲ್ಲ, ಮುಚ್ಚಿಹಾಕುವ ಯತ್ನ ನಡೆಯಿತು ಎಂಬ ಆರೋಪ ಎದ್ದಿತು. ಹೈಗ್ರೌಂಡ್ಸ್ ಪೊಲೀಸ್ ಠಾಣೆಗೆ ದೂರು ಹೋಯಿತು, ಬಳಿಕ ತನಿಖೆ ಸಿಐಡಿ ಕೈಗೆ ಬಂತು. ಆರೋಪ ಎಂಬುದು ಆರೋಪವೇ, ತೀರ್ಪಲ್ಲ. ನನಗೆ ಮುಖ್ಯವಾಗಿ ತೋರುವುದು ಬೇರೆ. ಅಲ್ಲಿಯವರೆಗೆ ಕುದುರೆಗೆ ಮದ್ದು ಹಾಕಿದ ಸಂಗತಿ ಎಂದರೆ ಸ್ಟೀವರ್ಡ್‌ಗಳ ಕೋಣೆಯಲ್ಲಿ ದಂಡ, ಅಮಾನತು ಎಂದು ಮುಗಿಯುವ ವಿಷಯವಾಗಿತ್ತು. ಕ್ವೀನ್ ಲತೀಫಾ ಅದನ್ನು ರಸ್ತೆಯಾಚೆಯ ಪೊಲೀಸ್ ಠಾಣೆಗೆ ತಂದು ನಿಲ್ಲಿಸಿತು.

ಠಾಣೆಯಲ್ಲಿ ಸಿಗುವ ಕಾನೂನು ಎಂಥದ್ದು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಪ್ರಾಣಿಗೆ ಉದ್ದೇಶಪೂರ್ವಕವಾಗಿ ಹಾನಿಕಾರಕ ಮದ್ದು ಕೊಡುವುದನ್ನು ಅಪರಾಧ ಎನ್ನುತ್ತದೆ. ಮೊದಲ ಅಪರಾಧಕ್ಕೆ ಅದರಲ್ಲಿ ಬರೆದಿರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ರೇಸ್ ದಿನ ಸುತ್ತಲಿನ ರಸ್ತೆಗಳಲ್ಲಿ ಗಾಡಿ ನಿಲ್ಲಿಸಲು ಅದಕ್ಕಿಂತ ಹೆಚ್ಚು ಕೊಡುತ್ತೇವೆ. ಅರವತ್ತು ವರ್ಷ ದಾಟಿದರೂ ಈ ಮೊತ್ತ ಬದಲಾಗದೆ ಉಳಿದಿರುವುದು ನಾಚಿಕೆಗೇಡು.

ಗಸಗಸೆಯಿಂದ ಸಿಕ್ಕಿಬಿದ್ದ ರಾಣಿಯ ಕುದುರೆ

ಮದ್ದು ಸಿಕ್ಕಿದ ಮಾತ್ರಕ್ಕೆ ಮೋಸ ಎಂದು ತೀರ್ಮಾನಿಸಲು ಆಗದು ಎಂಬುದಕ್ಕೆ ಇಂಗ್ಲೆಂಡಿನ ಎರಡು ಉದಾಹರಣೆಗಳು ಸಾಕು. 1979ರಲ್ಲಿ ನೋ ಬಾಂಬ್ಸ್ ಎಂಬ ಕುದುರೆ ವುಸ್ಟರ್‌ನಲ್ಲಿ ಗೆದ್ದು ಬಹುಮಾನ ಕಳೆದುಕೊಂಡಿತು. ದಾರಿಯಲ್ಲಿ ಅದು ಲಾಯದ ಹುಡುಗನ ಕೈಯಿಂದ ಮಾರ್ಸ್ ಚಾಕೊಲೇಟ್ ಕಸಿದು ತಿಂದಿತ್ತು. ಚಾಕೊಲೇಟಿನಲ್ಲಿರುವ ಉತ್ತೇಜಕ ಮೂತ್ರದಲ್ಲಿ ಕಂಡಿತು. 2014ರಲ್ಲಿ ಸ್ವತಃ ಎಲಿಜಬೆತ್ ರಾಣಿಯ ಎಸ್ಟಿಮೇಟ್ ಎಂಬ ಕುದುರೆ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ಎರಡನೆಯದಾಗಿ ಬಂತು. ಅದರ ಮೂತ್ರದಲ್ಲಿ ಮಾರ್ಫಿನ್ ಇತ್ತು. ಮೇವಿನಲ್ಲಿ ಗಸಗಸೆ ಗಿಡದ ಅಂಶ ಬೆರೆತದ್ದು ಅದಕ್ಕೆ ಕಾರಣ ಎಂದು ಗೊತ್ತಾಯಿತು. ಹಬ್ಬಕ್ಕೆ ಗಸಗಸೆ ಪಾಯಸ ಮಾಡುವ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಎರಡೂ ಕುದುರೆಗಳು ತಮ್ಮ ಸ್ಥಾನ ಕಳೆದುಕೊಂಡವು. ಯಾರ ತಪ್ಪೂ ಇಲ್ಲದಿದ್ದರೂ ಮೈಯಲ್ಲಿ ಮದ್ದಿದ್ದ ಕುದುರೆಯ ಫಲಿತಾಂಶ ನಿಲ್ಲಬಾರದು, ಅದು ಉಳಿದ ಕುದುರೆಗಳಿಗೆ ಸಲ್ಲಬೇಕಾದ ನ್ಯಾಯ. ತರಬೇತುದಾರನಿಗೆ ಶಿಕ್ಷೆ ಎಷ್ಟು ಎಂಬುದು ಬೇರೆ ಪ್ರಶ್ನೆ, ಅದನ್ನು ಸಂದರ್ಭ ನೋಡಿ ತೀರ್ಮಾನಿಸಬೇಕು. ಎಲ್ಲಕ್ಕೂ ಮುಖ್ಯವಾಗಿ, ರಾಣಿಯ ಕುದುರೆಯ ವಿಷಯವನ್ನು ಅರಮನೆ ಕೆಲವೇ ವಾರಗಳಲ್ಲಿ ಜಗತ್ತಿಗೆ ತಿಳಿಸಿತು. ಯಾರೂ ಬೀದಿಗಿಳಿಯಲಿಲ್ಲ.

ಎಳೆದನೋ, ಕುದುರೆ ದಣಿಯಿತೋ

ದರ್ಶಿನಿಯ ಇನ್ನೊಂದು ದೂರಿಗೆ ಬಾಟಲಿ ಇಲ್ಲ. ಜಾಕಿ ಬೇಕೆಂದೇ ಹಿಂದೆ ಉಳಿದನೇ ಎಂಬುದನ್ನು ಸ್ಟೀವರ್ಡ್‌ಗಳು ಹಲವು ದಿಕ್ಕಿನಿಂದ ತೆಗೆದ ವಿಡಿಯೊ ನೋಡಿ ನಿರ್ಧರಿಸುತ್ತಾರೆ. ಲಗಾಮು ಬಿಗಿಹಿಡಿದದ್ದು ಕುದುರೆಯನ್ನು ತಡೆಯಲೋ, ಎಡವಿದ ಕುದುರೆಯನ್ನು ಸಂಭಾಳಿಸಲೋ ಎಂಬುದು ದೂರದ ಸ್ಟ್ಯಾಂಡಿನಿಂದ ಕಾಣುವುದಿಲ್ಲ. ದುಡ್ಡು ಕಟ್ಟಿದ ಕಣ್ಣಿಗಂತೂ ಕಾಣುವುದೇ ಇಲ್ಲ. ಓಟದಲ್ಲಿ ಫೇವರಿಟ್‌ಗಳು ಸೋಲುವುದು ಸಾಮಾನ್ಯ, ಅದರಲ್ಲಿ ಬಹುಪಾಲು ಮೋಸವಲ್ಲ. ಆದರೆ ಯಾರನ್ನು ಕರೆಸಿ ಕೇಳಿದರು, ಆತ ಏನು ಹೇಳಿದ, ಅದನ್ನು ಯಾಕೆ ಒಪ್ಪಿದರು ಎಂಬುದನ್ನು ವಿವರವಾಗಿ ಪ್ರಕಟಿಸಿದಷ್ಟೂ ಅನುಮಾನಕ್ಕೆ ಎಡೆ ಕಡಿಮೆ.

ಬಾಟಲಿಯೇ ಇಲ್ಲದ ಓಟಗಳು

ರೇಸ್ ಕೋರ್ಸಿನಲ್ಲಿ ಕನಿಷ್ಠ ಒಂದು ವ್ಯವಸ್ಥೆಯಿದೆ, ಅದು ತಪ್ಪಿದಾಗ ಕೇಳಬಹುದು. ನಮ್ಮದೇ ಕಟ್ಟಿ ಓಡಿಸುವ ಓಟಗಳ ಕಥೆ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ನಡೆಯುವ ಗಾಡಿ ಶರ್ಯತ್ತು, ತೆರಬಂಡಿ, ಮಂಡ್ಯ ಸೀಮೆಯ ಎತ್ತಿನ ಗಾಡಿ ಓಟ, ಕರಾವಳಿಯ ಕಂಬಳ. ಪಶ್ಚಿಮ ಬೆಂಗಳೂರಿನ ಎಷ್ಟೋ ಮನೆಗಳ ಬೇರು ಈ ಊರುಗಳಲ್ಲಿವೆ. 2023ರ ನವೆಂಬರ್‌ನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ನಗರವೇ ಅತ್ತ ಹರಿದಿತ್ತು.

ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಎತ್ತಿನ ಗಾಡಿ ಓಟಗಳಿಗೆ ರಕ್ಷಣೆ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನ ಮೇಲೆಯೇ ಈ ಓಟಗಳು ನಿಂತಿವೆ. ಮೋಸದ ಆರೋಪಗಳು ಅಲ್ಲಿಯೂ ಹೊಸತಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ದಾಖಲೆ ದೇಶವನ್ನೇ ಬೆರಗಾಗಿಸಿತು. ಎರಡು ವರ್ಷದ ಬಳಿಕ, ಆ ಸಮಯದ ಲೆಕ್ಕವೇ ಸರಿಯಿಲ್ಲ ಎಂದು ಪೊಲೀಸರಿಗೆ ದೂರು ಹೋಯಿತು. ಓಟದ ಹಾದಿಯ ಕೊನೆಯಲ್ಲಿ ಲೇಸರ್ ಇಟ್ಟು ಸೆಕೆಂಡಿನ ನೂರನೇ ಭಾಗ ಅಳೆಯುವ ಕಂಬಳದಲ್ಲೇ ಹೀಗಾದರೆ, ಗೆದ್ದ ಜೋಡಿಗೆ ಹೆಂಡ ಕುಡಿಸಿದ್ದರು, ಸೂಜಿ ಚುಚ್ಚಿದ್ದರು ಎಂಬ ಜಾತ್ರೆಯ ಗುಸುಗುಸುವಿಗೆ ಉತ್ತರ ಕೊಡುವವರು ಯಾರು?

ಉತ್ತರ ಕೊಡುವುದು ಕಷ್ಟವೇನಲ್ಲ. ದೊಡ್ಡ ಓಟಗಳಲ್ಲಿ ಪಶುವೈದ್ಯರು ಈಗಲೂ ಇರುತ್ತಾರೆ. ಗೆದ್ದ ಮೊದಲ ಜೋಡಿಯಿಂದ, ಚೀಟಿ ಎತ್ತಿ ಆರಿಸಿದ ಮತ್ತೊಂದು ಜೋಡಿಯಿಂದ ಮಾದರಿ ತೆಗೆದು, ಯಜಮಾನರ ಎದುರಿಗೆ ಮುದ್ರೆಯೊತ್ತಿ ಕಳಿಸಬಹುದು. ವರದಿ ಬರುವವರೆಗೆ ಬಹುಮಾನದ ಬಂಗಾರವನ್ನು ಸಮಿತಿಯ ಬಳಿ ಇಟ್ಟುಕೊಳ್ಳಬಹುದು. ಪಶುಸಂಗೋಪನಾ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಓಟದ ಅನುಮತಿ ಪತ್ರದಲ್ಲೇ ಇದನ್ನು ಷರತ್ತಾಗಿ ಸೇರಿಸಿದರೆ ಮುಂದಿನ ಜಾತ್ರೆಗಳ ಹೊತ್ತಿಗೆ ಜಾರಿಗೆ ಬರುತ್ತದೆ. ಬೆಂಗಳೂರಿನಲ್ಲಿ ಬೇಕಾಗಿರುವುದು ಅದಕ್ಕಿಂತ ಚಿಕ್ಕ ಕೆಲಸ: ಪ್ರತಿ ರೇಸ್ ದಿನ ಯಾವ ಯಾವ ಕುದುರೆಗಳ ಮಾದರಿ ತೆಗೆದರು, ಪ್ರಯೋಗಾಲಯದ ಉತ್ತರ ಯಾವ ದಿನ ಬಂತು, ಏನೆಂದು ಬಂತು ಎಂಬ ಮೂರು ಸಾಲನ್ನು ಮುಂದಿನ ರೇಸ್ ಪುಸ್ತಕದಲ್ಲಿ ಅಚ್ಚು ಹಾಕುವುದು.